ಅವ್ವನ ಸಾಲಿನ ಉಂಡೆ

ಸಂಡೂರು
೧೨ ಡಿಸೆಂಬರ್ ೧೯೭೮

ಮರುಳಸಿದ್ದಮ್ಮಕ್ಕನಿಗೆ ತಮ್ಮ ಜಡೆಪ್ಪನ ಶರಣು.

ಪತ್ರದ ತಲೆಗೆ 'ಇಲ್ಲಿ ಕ್ಷೇಮ' ಎಂದು ಬರೆಯುವುದು ನಮ್ಮ ಮನೆಯ ವಾಡಿಕೆ. ಈ ಸಲ ಆ ಸಾಲಿಗೆ ಡಾಕ್ಟರರ ರುಜು ಸಿಗಲಿಲ್ಲ. ನನಗೆ ಸಕ್ಕರೆ ಕಾಯಿಲೆಯಂತೆ. ಗಾಬರಿಯಾಗಬೇಡ. ಊರಿಗೆಲ್ಲ ಬೆಲ್ಲ ಹಂಚಿದ ಮನೆತನದಲ್ಲಿ ಒಬ್ಬನಾದರೂ ಒಂದಿಷ್ಟು ಒಳಗೆ ಉಳಿಸಿಕೊಳ್ಳದಿದ್ದರೆ ಹೇಗೆ?

ಕಾಯಿಲೆ ಕಂಡುಹಿಡಿದವರು ಡಾಕ್ಟರಲ್ಲ, ನಾನು ಬಾಡಿಗೆಗಿರುವ ಮನೆಯ ಒಡತಿ ಶಾಂತಕ್ಕ. ಮೊನ್ನೆ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಜಡೆಪ್ಪನೋರೇ, ನಿಮ್ಮ ಬಚ್ಚಲದಾಗ ಇರಿವಿ ಸಾಲು ಹಿಡದಾವ್ರಿ. ನೀರಿಗೆ ಬೆಲ್ಲ ಕಲಸಿ ಜಳಕ ಮಾಡ್ತೀರೇನು?" ಎಂದಳು. ಹೋಗಿ ನೋಡಿದೆ. ನಿಜ. ಕಲ್ಲಿನ ಸಂದಿಯಿಂದ ಮೋರಿಯವರೆಗೆ ಕಪ್ಪು ದಾರ ಹಾಕಿದ ಹಾಗೆ. ನಾನು ಕಾಲೇಜಿನಲ್ಲಿ ಕಲಿತ ಕನ್ನಡ ಇಷ್ಟು ದಿನ ಗಣಿ ಕಚೇರಿಯ ಫೈಲುಗಳಲ್ಲಿ ತುಕ್ಕು ಹಿಡಿದಿತ್ತು, ಆ ಹೊತ್ತಿಗೆ ಉಪಯೋಗಕ್ಕೆ ಬಂತು: ಅವು ಇರುವೆ, ಅವು ಇರುವ ತನಕ ನಾನೂ ಇರುವೆ. ಶಾಂತಕ್ಕ ನಗಲಿಲ್ಲ. ಆಕೆಗೆ ಇರಿವಿ ಗೊತ್ತು, ಇರುವೆ ಗೊತ್ತಿಲ್ಲ.

ಈಗ ನಮ್ಮ ಮನೆ ಒಂದು ಪ್ರಯೋಗಶಾಲೆ. ದಿನಾ ಬೆಳಿಗ್ಗೆ ಗಾಜಿನ ನಳಿಗೆಯಲ್ಲಿ ನೀಲಿ ಔಷಧಿ ಹಾಕಿ, ಅದಕ್ಕೆ ಕೆಲವು ಹನಿ ಮೂತ್ರ ಸೇರಿಸಿ, ಸ್ಪಿರಿಟ್ ದೀಪದ ಮೇಲೆ ಕಾಯಿಸಬೇಕು. ನೀಲಿಯಾಗಿಯೇ ಉಳಿದರೆ ನಾನು ಪುಣ್ಯವಂತ. ಹಸಿರಾದರೆ ಸಂಶಯ. ಹಳದಿಯಾದರೆ ಪಾಪ. ಇಟ್ಟಂಗಿ ಕೆಂಪಾದರೆ ಸಂಡೂರಿನ ಅದಿರು. ಮೊದಲ ದಿನ ನನ್ನ ನಳಿಗೆಯಲ್ಲಿ ಲಾರಿ ತುಂಬುವಷ್ಟು ಅದಿರು ಸಿಕ್ಕಿತು.

ಊಟ ಅಂದರೆ ನವಣೆ ಅನ್ನ, ಜೋಳದ ರೊಟ್ಟಿ, ಹಾಗಲಕಾಯಿ, ಪುಂಡಿಪಲ್ಯ, ಹೆಸರುಕಾಳು. ನೋಡಿದರೆ ಇದು ಅವ್ವನ ಕಾಲದ ಊಟವೇ. ಡ್ಯಾಮು ಕಟ್ಟಿ, ಕಾಲುವೆ ಬಿಟ್ಟು, ಕಂಪ್ಲಿಗೆ ಭತ್ತ ಬಂತು, ಕಬ್ಬು ಬಂತು. ನವಣೆ ತಿನ್ನುವವರನ್ನು ಬಡವರು ಅಂದೆವು. ಈಗ ಡಾಕ್ಟರರು ಫೀಜು ತೆಗೆದುಕೊಂಡು ನನ್ನನ್ನು ಕಾಲುವೆಗೂ ಹಿಂದಿನ ಕಾಲಕ್ಕೆ ಕಳಿಸಿದ್ದಾರೆ.

ಊಟದ್ದು ಕಷ್ಟವಲ್ಲ ಅಕ್ಕ, ಆಸೆಯದ್ದು ಕಷ್ಟ. ಸಂಜೆ ನಾಲ್ಕಕ್ಕೆ ಕಚೇರಿಗೆ ಚಹಾ ಬಂದಾಗ ನನ್ನ ಇಡೀ ಮೈ ಬಸ್‌ಸ್ಟ್ಯಾಂಡಿನ ಜಿಲೇಬಿ ಅಂಗಡಿಯ ಕಡೆ ತಿರುಗುತ್ತದೆ. ಡಾಕ್ಟರರು, "ಆಸೆಯ ಜೊತೆ ಕುಸ್ತಿ ಮಾಡಬ್ಯಾಡ್ರಿ. ಒಂದು ಮುಷ್ಟಿ ಪುಠಾಣಿ ತಿನ್ರಿ, ಮಜ್ಜಿಗೆ ಕುಡೀರಿ, ಒಂದು ಸುತ್ತು ಅಡ್ಡಾಡ್ರಿ. ಕರೀದ ಬಂದ ಬೀಗನಂಗ ತಾನ ಎದ್ದು ಹೋಗ್ತೈತಿ" ಅಂದರು. ನಮ್ಮ ಬೀಗರನ್ನು ಅವರು ಕಂಡಿಲ್ಲ.

ಅದಕ್ಕೇ ಈ ಪತ್ರ. ಗಾಣದಲ್ಲಿ ಸುಗ್ಗಿಯ ಮೊದಲ ಬೆಲ್ಲದ ಕೊಪ್ಪರಿಗೆ ಇಳಿಸಿದ ದಿನ ನೀನು ಮನೆಯ ಒಬ್ಬೊಬ್ಬರ ಹೆಸರು ಕರೆದು ಒಂದೊಂದು ಬೆಲ್ಲದ ಉಂಡೆ, ಹೆಸರುಂಡೆ, ಕಟ್ಟುತ್ತೀ. ತೀರಿಕೊಂಡವರ ಉಂಡೆ ಸಮಾಧಿಗೆ, ಬದುಕಿದವರ ಉಂಡೆ ಅವರವರ ಬಾಯಿಗೆ. ನನ್ನ ಪಾಲನ್ನು ನೀನು ಪ್ರತಿ ವರ್ಷ ಬಸ್ಸಿನಲ್ಲಿ ಕಳಿಸುತ್ತಿದ್ದೆ. ಈ ವರ್ಷ ಕಳಿಸಬೇಡ. ಬಂದರೆ ತಿನ್ನುತ್ತೇನೆ. ಹಾಗಂತ ಮಾಡದೆಯೂ ಇರಬೇಡ, ಹೆಸರು ಬಿಟ್ಟುಹೋದರೆ ನನಗೂ ಕಸಿವಿಸಿ. ನನ್ನ ಉಂಡೆಯನ್ನೂ ಅವ್ವನ ಸಮಾಧಿ ಮೇಲೆ, ಅವ್ವನ ಸಾಲಿನಲ್ಲೇ ಇಟ್ಟುಬಿಡು. ತಲೆ ನರೆತರೂ ಆಕೆಗೆ ನಾನು ಕೂಸೇ ಆಗಿದ್ದೆ. ಕೂಸಿನ ಪಾಲು ತಾಯಿ ತಿಂದರೆ ಯಾರಿಗೇನು ನಷ್ಟ?

ಕೊಟ್ರಬಸಪ್ಪ ಮಾವನಿಗೆ ಶರಣು ಹೇಳು.

ಬಾಯಿ ಕಟ್ಟಿದ, ಆದರೆ ಬಾಯಿ ಮುಚ್ಚದ
ಜಡೆಪ್ಪ


ಕಂಪ್ಲಿ
೨೬ ಡಿಸೆಂಬರ್ ೧೯೭೮

ಜಡೆಪ್ಪಗ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮ್ಯಾಲೆ ಅತ್ತೆ, ಆಮ್ಯಾಲೆ ನಕ್ಕಿದ್ದಕ್ಕ ಬೈಕೊಂಡೆ. ನಾಲ್ಕನೇತ್ತೆ ಕಲಿತಾಕಿ ನಾನು, ನಿನ್ನಂಗ ಬರಿಯಾಕ ಬರಂಗಿಲ್ಲ. ಮಾತಾಡಿದಂಗ ಬರೀತೀನಿ, ತಪ್ಪಿದ್ರ ತಿದ್ದಬ್ಯಾಡ.

ಐತವಾರ ಮೊದಲನೇ ಕೊಪ್ಪರಿಗಿ ಇಳಿಸಿದ್ವಿ. ಪಾಕ ಈ ಸಲ ಬಂಗಾರದಂಗ ಬಂತು. ನೀನು ಹೇಳಿದ್ದು ನಿಮ್ಮ ಮಾವಗ ಹೇಳಿದೆ. "ಬದುಕಿದಾವನ ಉಂಡಿ ಸಮಾಧಿಗೆ ಒಯ್ತಿ ಏನ? ತಲಿ ಕೆಟ್ಟೈತೇನ ನಿಂಗ?" ಅಂದ್ರು. ನನಗೂ ಮನಸ್ಸಿರಲಿಲ್ಲ. ಆದ್ರ ನೀನ ಹೇಳೀದಿ. ಕೈ ತೋಯಿಸಿಕೊಂಡು ಒಬ್ಬೊಬ್ಬರ ಹೆಸರು ಕರೆದು ಉಂಡಿ ಕಟ್ಟಿದೆ. ನಿನ್ನ ಹೆಸರು ಕರೆಯೂ ಮುಂದ ಯಾರೋ "ಹೂಂ" ಅಂದಂಗಾತು. ಗಾಣದಾಗ ಜನ ಭಾಳ ಇದ್ರು, ಯಾರರ ಅಂದಿರಬೇಕು.

ಅವ್ವನ ಸಮಾಧಿ ಮ್ಯಾಲೆ ಒಂದ ಎಲಿಯಾಗ ಎರಡೂ ಉಂಡಿ ಇಟ್ಟೆ. ಊದಿನಕಡ್ಡಿ ಹಚ್ಚಿ ತಿರುಗಿ ನೋಡೂದ್ರಾಗ ನಿನ್ನ ಉಂಡಿ ಕರ್ರಗ ಆಗಿತ್ತು, ಇರಿವಿ. ಅವ್ವನ ಉಂಡಿಗೆ ಒಂದೂ ಹತ್ತಿರಲಿಲ್ಲ. ಪಕ್ಕದಾಗ ಪಕ್ಕದಾಗ ಇಟ್ಟೀನಿ, ಒಂದ ಪಾಕ. ಇದನ್ನ ನಿನಗ ಯಾಕ ಬರದೆ ಅಂತ ಗೊತ್ತಿಲ್ಲ. ಬರೀಬೇಕನಿಸ್ತು.

ಹೊತ್ತಿಗೆ ಸರಿಯಾಗಿ ಉಣ್ಣು. ಬರೇ ಕಾಲಿಲೆ ಅಡ್ಡಾಡಬ್ಯಾಡ.

ನಿನ್ನ ಅಕ್ಕ
ಮರುಳಸಿದ್ದಮ್ಮ


ಸಂಡೂರು
೭ ಜನವರಿ ೧೯೭೯

ಅಕ್ಕನಿಗೆ ಶರಣು.

ನಿನ್ನ ಪತ್ರ ಬರುವ ಮೊದಲೇ ನಿನ್ನ ಬೆಲ್ಲ ಬಂತು. ತಮಾಷೆಯಲ್ಲ, ಕೇಳು.

ಆ ಐತವಾರ ಮಧ್ಯಾಹ್ನ ಶಾಂತಕ್ಕ ಬಡಿಸಿದ ನವಣೆ ಅನ್ನವನ್ನು ಹಾಗಲಕಾಯಿ ಪಲ್ಯದ ಜೊತೆ ನುಂಗುತ್ತಿದ್ದೆ. ಎರಡನೇ ತುತ್ತಿಗೆ ಬಾಯಿ ತುಂಬ ಬಿಸಿ ಬೆಲ್ಲ. ಬೆಲ್ಲದ ನೆನಪಲ್ಲ ಅಕ್ಕ, ಬೆಲ್ಲ. ಕೊಪ್ಪರಿಗೆಯ ಅಂಚಿಗೆ ಹಿಡಿದಿರುತ್ತದಲ್ಲ, ಕಬ್ಬಿನ ರವದಿಯ ಹೊಗೆ ಸೇರಿ ಒಂದಿಷ್ಟು ಸೀದ ವಾಸನೆ, ಆ ಬೆಲ್ಲ. ಅದರ ಹಿಂದೆಯೇ ಸಣ್ಣ ಉಪ್ಪು. ಆ ಉಪ್ಪು ಎಲ್ಲಿಯದೆಂದು ಹೊಳೆಯಲು ಒಂದು ಗಳಿಗೆ ಹಿಡಿಯಿತು. ಅವ್ವ ಬೆರಳಲ್ಲಿ ಬಳಿದು ಬಾಯಿಗಿಡುತ್ತಿದ್ದಳಲ್ಲ, ಆ ಬೆರಳಿನ ಉಪ್ಪು.

"ಪಲ್ಯಕ್ಕ ಬೆಲ್ಲ ಹಾಕೀದೇನ ಶಾಂತಕ್ಕ?" ಎಂದೆ. "ಹಾಕಿದ್ರ ನಿಮ್ಮ ಡಾಕ್ಟರು ನನ್ನ ಹಾಕ್ತಾರ ಜೇಲಿಗೆ" ಎಂದಳು.

ಅವತ್ತು ಎದ್ದು ಹೋದ ಆಸೆ ಇವತ್ತಿನವರೆಗೆ ತಿರುಗಿ ಬಂದಿಲ್ಲ. ಪರೀಕ್ಷೆಗೆಂದು ಜಿಲೇಬಿ ಅಂಗಡಿಯ ಮುಂದೆ ಹೋಗಿ ನಿಂತೆ. ಬಾಣಲೆಯಲ್ಲಿ ಸುತ್ತುತ್ತಿದ್ದವು. ಬಾವಿಕಟ್ಟೆಯ ಮೇಲೆ ಸುತ್ತಿಟ್ಟ ಹಗ್ಗ ನೋಡಿದಷ್ಟೇ ಆಸಕ್ತಿ ನನಗೆ. ಅಂಗಡಿಯವನೇ ನೊಂದುಕೊಂಡ. ನಳಿಗೆ ದಿನಾ ನೀಲಿ, ಆಕಾಶದಂಥ ನೀಲಿ. ಡಾಕ್ಟರರು ನನ್ನ ಬೆನ್ನು ತಟ್ಟಿ, ಬೇರೆ ರೋಗಿಗಳಿಗೆ ನನ್ನನ್ನು ಮಾದರಿಯಾಗಿ ತೋರಿಸಿದರು. ಜೀವಮಾನದಲ್ಲಿ ಮೊದಲ ಸಲ ನಾನು ಸಂಯಮಕ್ಕೆ ಹೆಸರಾಗಿದ್ದೇನೆ, ಅದೂ ಇನ್ನೊಬ್ಬರು ತಿಂದದ್ದಕ್ಕೆ.

ಆದ್ದರಿಂದ ಒಂದು ಕೇಳಿಕೆ. ಸುಗ್ಗಿ ಮುಗಿಯುವವರೆಗೆ ಪ್ರತಿ ವಾರ ನನ್ನದೊಂದು ಉಂಡೆ ಅವ್ವನ ಸಾಲಿನಲ್ಲಿಡು. ಪುಠಾಣಿ, ಮಜ್ಜಿಗೆಗಿಂತ ಇದು ಸಲೀಸು.

ಮಾದರಿ ರೋಗಿ
ಜಡೆಪ್ಪ


ಕಂಪ್ಲಿ
೨೨ ಜನವರಿ ೧೯೭೯

ಜಡೆಪ್ಪಗ ಆಶೀರ್ವಾದ.

ಸಕ್ಕರಿ ಇಳಿದದ್ದು ಓದಿ ಹೊಟ್ಟಿಗೆ ಹಾಲು ಹೊಯ್ದಂಗಾತು. ನೀನು ಹೇಳಿದಂಗ ವಾರಕ್ಕೊಂದು ಉಂಡಿ ಇಡಾಕ್ಹತ್ತೀನಿ. ಸಂಕ್ರಾಂತಿಗೆ ಎಳ್ಳು ಬೆಲ್ಲನೂ ನಿನ್ನ ಹೆಸರಿಲೆ ಅಲ್ಲೇ ಇಟ್ಟೆ.

ಒಂದು ಮಾತು. ಇರಿವಿ ಬೆಲ್ಲ ಹೊತ್ತುಕೊಂಡು ತಮ್ಮ ಗೂಡಿಗೆ ಹೋಗಬೇಕಲ್ಲ? ಇವು ಹೋಗೂದು ಅವ್ವನ ಸಮಾಧಿ ಬಲಕ್ಕ, ಬರೇ ನೆಲಕ್ಕ. ಅಲ್ಲಿ ಮಣ್ಣು ಸಡಲ ಆಗೈತಿ. ಹೋದ ವಾರ ಒಂದು ತಾಟಿನಷ್ಟಿತ್ತು. ಈ ವಾರ ಒಂದು ಮೊರದಷ್ಟು. ದುಂಡಗ. ಕಾಳು ಕಾಳು ಮಣ್ಣು ತಂದು ಸುತ್ತಲೂ ಒಟ್ಟ್ಯಾವ, ಹೆಣ್ಮಕ್ಕಳು ರಂಗೋಲಿ ಹಾಕಿದಂಗ. ನಿಮ್ಮ ಮಾವಗ ತೋರಿಸಿದೆ. "ಕಾಲುವಿ ನೀರಿಗೆ ನೆಲ ಜಗ್ಗ್ಯಾದ" ಅಂದ್ರು. ಅಂದಾರ ಖರೆ, ಆದ್ರ ಅಂದ ಮ್ಯಾಲೆ ಅಲ್ಲಿ ನಿಲ್ಲಲಿಲ್ಲ.

ನೀನು ಹೊತ್ತಿಗೆ ಸರಿಯಾಗಿ ಉಣ್ಣಾಕ್ಹತ್ತೀಯಿಲ್ಲ? ಸಿಹಿ ಬಿಡು ಅಂದಾರ ಹೊರತು ಊಟ ಬಿಡು ಅಂದಿಲ್ಲ.

ನಿನ್ನ ಅಕ್ಕ
ಮರುಳಸಿದ್ದಮ್ಮ


ಸಂಡೂರು
೫ ಫೆಬ್ರವರಿ ೧೯೭೯

ಅಕ್ಕನಿಗೆ ಶರಣು.

ಈ ಪತ್ರಕ್ಕೆ ಒಂದು ನಗೆಮಾತು ಹುಡುಕುತ್ತ ಸಂಜೆಯೆಲ್ಲ ಕುಳಿತೆ. ಸಿಗಲಿಲ್ಲ. ನಾಲಿಗೆಯ ತುದಿಯಲ್ಲಿ ಇರುತ್ತಿತ್ತು, ಈಗ ನಾಲಿಗೆಯೇ ಎಲ್ಲಿದೆಯೋ ಅನಿಸುತ್ತದೆ.

ಸಿಹಿಯ ಆಸೆ ಹೋದದ್ದು ಒಳ್ಳೆಯದಾಯಿತು ಅಂದುಕೊಂಡಿದ್ದೆ. ಅದರ ಹಿಂದೆ ಖಾರ ಹೋಯಿತು, ಅದರ ಹಿಂದೆ ಹುಳಿ. ಶಾಂತಕ್ಕನ ಶೇಂಗಾ ಚಟ್ನಿ, ಪುಂಡಿಪಲ್ಯ, ಮೆಂತ್ಯದ ರೊಟ್ಟಿ ಎಲ್ಲ ಒಂದೇ. ಬಾಯಲ್ಲಿ ಈಗ ಉಳಿದಿರುವ ರುಚಿ ಒಂದು: ಹಸಿ ಮಣ್ಣು. ಸಂಡೂರಿನ ಕೆಂಪು ಧೂಳಲ್ಲ. ನೀರು ಬಿಟ್ಟ ಮೇಲೆ ನಮ್ಮ ಹೊಲದ ಎರೆಮಣ್ಣು ಒಂದು ವಾಸನೆ ಬಿಡುತ್ತದಲ್ಲ, ಅದು. ಹಸಿವೆ ಇಲ್ಲ. ತಟ್ಟೆಯ ಮುಂದೆ ಕೂತು ಎದ್ದುಬಿಡುತ್ತೇನೆ. ಕಚೇರಿಯಲ್ಲಿ ಚಹಾದವನು ನನ್ನ ಮೇಜು ದಾಟಿ ಹೋಗುತ್ತಾನೆ, ಅಲ್ಲಿ ಯಾರೂ ಕೂತಿಲ್ಲವೆಂಬಂತೆ. ನಾನೂ ಕರೆಯುವುದಿಲ್ಲ.

ಬಚ್ಚಲದಲ್ಲಿ ಇರುವೆ ಇಲ್ಲ. ಬಚ್ಚಲದಲ್ಲಿ ಮಾತ್ರವಲ್ಲ, ನನ್ನ ಕೋಣೆಯಲ್ಲೇ ಒಂದೂ ಇಲ್ಲ. ಮೊನ್ನೆ ಶಾಂತಕ್ಕ ಸಕ್ಕರೆ ಚೆಲ್ಲಿಕೊಂಡಳು. ಅವಳ ಹೊಸ್ತಿಲವರೆಗೆ ಬಂದ ಇರುವೆ ಸಾಲು ನನ್ನ ಹೊಸ್ತಿಲು ಕಂಡು ಬಳಸಿಕೊಂಡು ಹೋಯಿತು.

ಇನ್ನೊಂದು. ಹತ್ತು ದಿನದ ಹಿಂದೆ ಶಾಂತಕ್ಕ, "ಏನ್ರೀ ಇದು, ಮನಿ ತುಂಬ ಕೆಂಪು ಹೆಜ್ಜಿ! ಗಣಿ ಮಣ್ಣು ಕಾಲಾಗ ತಂದೀರೇನು?" ಅಂದಳು. ಒರೆಸಲು ಹೋದವಳು ಬಟ್ಟೆ ನೋಡಿ ಕೂಗಿದಳು. ರಕ್ತ. ಚಪ್ಪಲಿಯ ಮೊಳೆ ಕಿರುಬೆರಳಿನ ಬುಡಕ್ಕೆ ಇಳಿದಿತ್ತು. ಎಷ್ಟು ಹೊತ್ತಿನಿಂದಲೋ. ನನಗೆ ಗೊತ್ತೇ ಆಗಿರಲಿಲ್ಲ. ಇದು ಈ ಕಾಯಿಲೆಯ ಗುಣ, ಕಾಲಿನ ನರ ಸತ್ತಂತಾಗುತ್ತದೆ, ದಿನಾ ಅಂಗಾಲು ನೋಡಿಕೊಳ್ಳಬೇಕು ಎಂದು ಡಾಕ್ಟರರು ಬೈದರು. ಗಾಯ ಮಾಯುತ್ತಿಲ್ಲ.

ನಾನು ಹೆದರಿಲ್ಲ. ಹೆದರುವುದಕ್ಕೂ ಒಂದಿಷ್ಟು ಆಸೆ ಬೇಕು ಎಂದು ಈಗ ತಿಳಿಯಿತು.

ಜಡೆಪ್ಪ


ಕಂಪ್ಲಿ
೧೩ ಫೆಬ್ರವರಿ ೧೯೭೯

ಲೇ ಜಡೆಪ್ಪ,

ನಿನ್ನ ಕಾಗದದಾಗ ಒಂದೂ ನಗಿ ಇಲ್ಲದ್ದು ನೋಡಿ ಕೈಯಾಗಿನ ಕೆಲಸ ಬಿಟ್ಟೆ. ಓದಿದಾಕಿನ ಸಮಾಧಿಗೆ ಓಡಿದೆ.

ಹೆಂಗ ಬರೀಲಿ? ಆ ತೆಗ್ಗು ಈಗ ಮೊಣಕಾಲ ಮಟ ಐತಿ. ಉದ್ದ ಅಲ್ಲ, ದುಂಡಗ. ಒಬ್ಬಾಳು ಚಕ್ಕಳಬಕ್ಕಳ ಹಾಕ್ಕೊಂಡು ಕುಂತ್ರ ಸರಿಯಾಗೂವಷ್ಟು. ನಮ್ಮ ಮಂದೀನ ಕುಂದ್ರಿಸೇ ಮಣ್ಣು ಮಾಡ್ತಾರ ಅನ್ನೂದು ನಿನಗ ಗೊತ್ತೈತಿ. ಅವ್ವನ ಬಲಕ್ಕ, ಮಗ್ಗಲಿಗೆ ಮಗ್ಗಲ ಹತ್ತಿ. ಗುದ್ದಲಿ ಗುರುತು ಒಂದೂ ಇಲ್ಲ. ಗೋಡಿ ಸಾರಿಸಿದಂಗ ನುಣ್ಣಗ. ಅದರ ತಳದಾಗ ನಾನಿಟ್ಟ ಬೆಲ್ಲ ಅಷ್ಟೂ ಇತ್ತು. ಇರಿವಿ ಒಂದು ಚೂರೂ ತಿಂದಿಲ್ಲ. ಕೂಡಿಸಿ ಇಟ್ಟಾವ, ಯಾರೋ ಬರ್ತಾರ ಅಂತ.

ಅವ್ವಂದೇನೂ ತಪ್ಪಿಲ್ಲ. ತನ್ನ ಸಾಲಿಗೆ ಕೂಸಿನ ಪಾಲು ಬಂತು, ಹಂಗಾರ ಕೂಸೂ ಬರ್ತೈತಿ ಅಂತ ಜಾಗ ಮಾಡ್ಯಾಳ. ಯಾವ ತಾಯಿ ಮಾಡಂಗಿಲ್ಲ? ತಪ್ಪು ನಮ್ಮದು. ಉಂಡಿ ಇಡಾಕ ಹೇಳಿದಾವ ನೀನು, ಇಟ್ಟಾಕಿ ನಾನು.

ನಾನು ಯಾರನ್ನೂ ಕೇಳಾಕ ಹೋಗಿಲ್ಲ. ಕೇಳಿದ್ರ ಊರ ತುಂಬ ಆಗ್ತೈತಿ. ಪಂಕ್ತಿಯಾಗ ಒಬ್ಬಾಂವ ಮರತು ಬ್ಯಾರೆ ಸಾಲಿಗೆ ಕುಂತ್ರ ಏನು ಮಾಡ್ತೀವಿ? ಕೈ ಹಿಡಿದು ಎಬ್ಬಿಸಿ, ತನ್ನ ಸಾಲಿಗೆ ಕುಂದ್ರಿಸಿ, ಬಡಿಸ್ತೀವಿ. ಅಷ್ಟ. ನಿನ್ನ ಪಾಲು ಇನ್ನ ಅಲ್ಲಿ ಇಡಂಗಿಲ್ಲ. ಮಾರ್ಚ್ ಐದು, ಸೋಮವಾರ, ಕಡೀ ಕೊಪ್ಪರಿಗಿ. ಬಾ. ನಮ್ಮ ಸಾಲಿನಾಗ ಕುಂದ್ರು. ನಿನ್ನ ಉಂಡಿ ನೀನ ನಿನ್ನ ಬಾಯಿಲೆ ತಿನ್ನು. ಡಾಕ್ಟರು ಬೈದ್ರ ಬೈಲಿ.

ನಿನ್ನ ಅಕ್ಕ
ಮರುಳಸಿದ್ದಮ್ಮ


ಸಂಡೂರು
೨೪ ಫೆಬ್ರವರಿ ೧೯೭೯

ಅಕ್ಕನಿಗೆ ಶರಣು.

ಕಾಲುವೆ ನೀರಿಗೆ ನೆಲ ಜಗ್ಗಿದೆ ಎಂದು ಮಾವ ಹೇಳಿದ್ದೇ ಸರಿ ಎಂದು ಉತ್ತರ ಬರೆಯಲು ಕುಳಿತೆ. ಆ ಸಾಲು ಬರೆದು ಹೊಡೆದುಹಾಕಿದೆ. ನಿನ್ನೆ ಮೇಜಿನ ಮುಂದೆ ಕೂತವನು ಎಚ್ಚೆತ್ತು ನೋಡಿದರೆ ಕುರ್ಚಿಯ ಮೇಲೆ ನೆಲದಲ್ಲಿ ಕೂತ ಹಾಗೆ ಚಕ್ಕಳಬಕ್ಕಳ ಹಾಕಿದ್ದೆ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಬಹಳ ಸುಖವಾಗಿತ್ತು. ಅದೇ ನನಗೆ ಸರಿಬರಲಿಲ್ಲ.

ಡಾಕ್ಟರರನ್ನು ಕೇಳಿದೆ. ಪೂರಾ ಕಥೆ ಹೇಳಲಿಲ್ಲ, ಅಕ್ಕನ ಮನೆಯ ವಾಡಿಕೆ ಎಂದಷ್ಟೇ ಹೇಳಿದೆ. "ಕಡ್ಲಿಕಾಳಿನಷ್ಟು ತಿನ್ರಿ. ಊಟದ ಜೊತಿಗೆ ತಿನ್ರಿ, ಬರೇ ಹೊಟ್ಟ್ಯಾಗ ಬ್ಯಾಡ. ಅವತ್ತು ಅರ್ಧ ರೊಟ್ಟಿ ಕಡಿಮಿ ಮಾಡ್ರಿ. ಆದ್ರ ಮೊದಲು ಊಟ ಮಾಡ್ರಿ ಮಾರಾಯರ, ನಿಮ್ಮ ತೂಕ ಎಲ್ಲಿಗೆ ಹೋತು?" ಎಂದು ನನ್ನನ್ನೇ ಕೇಳಿದರು. ಗಾಯದ ಬಣ್ಣ ಅವರಿಗೆ ಹಿಡಿಸಲಿಲ್ಲ. ನಳಿಗೆ ಮತ್ತೆ ಹಳದಿಗೆ ತಿರುಗಿದೆ. ತಿನ್ನದವನ ಸಕ್ಕರೆ ಏರುವುದು ಗಾಯದ ಕೀವಿನಿಂದ ಎಂದರು.

ಐದನೇ ತಾರೀಖು ಬರುತ್ತೇನೆ. ಕುಂಟುತ್ತಾದರೂ ಬರುತ್ತೇನೆ. ನನ್ನ ಸಾಲಿನಲ್ಲಿ ಜಾಗ ಇಟ್ಟಿರು.

ಜಡೆಪ್ಪ


ಕಂಪ್ಲಿ
೭ ಮಾರ್ಚ್ ೧೯೭೯

ಜಡೆಪ್ಪಗ ಆಶೀರ್ವಾದ.

ನೀನು ಮಾತಿಗೆ ತಪ್ಪದ ಬಂದಿ, ಭಾಳ ಸಮಾಧಾನ ಆತು. ಮುಟ್ಟಿದ್ದಕ್ಕ ಕಾಗದ ಹಾಕು.

ಒಂದಿಷ್ಟು ಕೇಳೂದೈತಿ, ಅವತ್ತು ಕೇಳಾಕ ಆಗಲಿಲ್ಲ. ಬಸ್ಸಿಂದ ಇಳಿದು ದಾರೀಲೆ ಬರೂದು ಬಿಟ್ಟು ಕಾಲುವಿ ಕಡಿಂದ ಹೊಲ ಹಾದು ಯಾಕ ಬಂದಿ? ಕಾಲು ಹುಣ್ಣಾಗೈತಿ ಅಂದಾಂವ ಬರಿಗಾಲಿಲೆ ಬಂದೀದಿ. ಪಾದ ಎಲ್ಲಾ ಕಪ್ಪು ರಾಡಿ. ಪಟ್ಟಿ ಬಿಚ್ಚೀಯೇನೋ ಅಂತ ಬಗ್ಗಿ ನೋಡಿದೆ, ಗಾಯನ ಇರಲಿಲ್ಲ. ಎಷ್ಟು ಜಲ್ದಿ ಮಾಯಿತು!

ನಿನಗ ಅಂತ ಮಾವನ ಮಗ್ಗಲಿಗೆ ಕುಂದ್ರಾಕ ಮಣಿ ಹಾಕಿದ್ದೆ. ನೀನು ಹೋಗಿ ಕಂಬದ ಹಂತೇಲಿ ಕುಂತಿ, ಒಂದು ಮೊಣಕಾಲು ಎತ್ತಿ. ಅಲ್ಲಿ ಅವ್ವ ಹೋದ ಮ್ಯಾಲೆ ಯಾರೂ ಕುಂತಿರಲಿಲ್ಲ. ನಿಮ್ಮ ಮಾವ, "ಏನೋ ಜಡೆಪ್ಪ, ಮಾತಿಗೂ ಪಥ್ಯ ಏನೋ?" ಅಂದ್ರು. ಬ್ಯಾರೆ ದಿನ ಆಗಿದ್ರ ಆ ಒಂದು ಮಾತಿಗೆ ಹತ್ತು ತಿರುವು ಹಾಕಿ ಅವರ ಬಾಯಿ ಮುಚ್ಚಿಸ್ತಿದ್ದಿ. ಸುಮ್ಮನ ನಕ್ಕಿ. ಹೊತ್ತು ಮುಳುಗೂ ಮಟ ಇರ್ತಿ ಅಂದ್ಕೊಂಡಿದ್ದೆ. ಮಧ್ಯಾಹ್ನನ ಎದ್ದಿ. ಒಂದೂ ನಗಿ ಮಾತು ಆಡಲಿಲ್ಲ. ನನ್ನ ಮ್ಯಾಲೆ ಸಿಟ್ಟೇನು?

ಕಡ್ಲಿಕಾಳಿನಷ್ಟ ಕೊಟ್ಟೆ. ನೀನು ಕೈ ಚಾಚೇ ಇದ್ದಿ. ಡಾಕ್ಟರು ಹೇಳಿದ್ದು ನೆನಪೈತಿ, ಆದ್ರೂ ಮನಸ್ಸು ತಡೀಲಿಲ್ಲ, ಇಡೀ ಉಂಡಿ ಕೊಟ್ಟೆ. ಕೈ ಎಷ್ಟು ತಣ್ಣಗಿತ್ತು ನಿಂದು, ಕಾಲುವ್ಯಾಗಿನ ಕಲ್ಲಿನಂಗ. ಉಂಡಿ ಎರಡು ಮಾಡಿದಿ. ಒಂದು ಬಾಯಾಗ ಹಾಕ್ಕೊಂಡಿ, ಅಗೀಲಿಲ್ಲ. ಇನ್ನೊಂದು ಧೋತರದ ಚುಂಗಿಗೆ ಕಟ್ಟಿಕೊಂಡು, "ಇದು ಕೂಸಿಗೆ" ಅಂದಿ. ಯಾವ ಕೂಸಿಗೆ? ನಿನ್ನ ಚೇಷ್ಟಿ ಇರಬೇಕು, ಈಗ ನಗ್ತಾನ ಅಂತ ಕಾಯ್ದೆ. ನಗಲಿಲ್ಲ. ಬಂದ ದಾರೀಲೆ ಹೋಗಿಬಿಟ್ಟಿ.

ಕೊಪ್ಪರಿಗಿ ಇಳಿಸಿದ ದಿನ ಗಾಣದ ತುಂಬ ಇರಿವಿ ಇರ್ತಾವ. ಅವತ್ತು ಹುಡುಕಿದ್ರೂ ಒಂದಿರಲಿಲ್ಲ.

ನೀನು ಹೋದ ಮ್ಯಾಲೆ ಸಮಾಧಿಗೆ ಹೋಗಿ ನೋಡಿದೆ. ತೆಗ್ಗು ಮುಚ್ಚಿತ್ತು ಜಡೆಪ್ಪ. ಸಪಾಟು. ಮ್ಯಾಲೆ ಮಣ್ಣು ಹಸಿ ಇತ್ತು, ಈಗ ತುಳಿದು ಹೋದಂಗ. ನೀನ ಹೋಗ್ತಾ ಮುಚ್ಚಿದೇನು?

ಹೂಂ ಅಂತ ಬರಿ.

ನಿನ್ನ ಅಕ್ಕ
ಮರುಳಸಿದ್ದಮ್ಮ


ಹೊಸಪೇಟೆ, ಆಸ್ಪತ್ರೆಯಿಂದ
೧೭ ಮಾರ್ಚ್ ೧೯೭೯

ಅಕ್ಕನಿಗೆ ಶರಣು.

ಮೊದಲು ಕೂತುಕೋ. ನೀರು ಕುಡಿ. ಮಾವನನ್ನು ಹತ್ತಿರ ಕರೆದುಕೊಂಡು ಓದು.

ನಾನು ಈಗ ಚೆನ್ನಾಗಿದ್ದೇನೆ. ಒಂದು ಕಿರುಬೆರಳು ತೆಗೆದರು. ಕೈಬೆರಳಲ್ಲ, ಕಾಲಿನದು. ಇನ್ನು ಮುಂದೆ ಸೈನ್ಯಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬ ಒಂದು ಕೊರಗು ಬಿಟ್ಟರೆ ಬೇರೆ ತೊಂದರೆ ಇಲ್ಲ. ನಿನ್ನ ಪತ್ರ ಸಂಡೂರಿಗೆ ಹೋಗಿ, ಶಾಂತಕ್ಕನ ಚೀಲದಲ್ಲಿ ನಿನ್ನೆ ಇಲ್ಲಿಗೆ ಬಂತು.

ಮಾರ್ಚ್ ಮೂರಕ್ಕೆ ಜ್ವರ ಏರಿ, ಕಚೇರಿಯ ಜೀಪಿನಲ್ಲಿ ನನ್ನನ್ನು ಇಲ್ಲಿಗೆ ತಂದರು. ಅಕ್ಕನಿಗೆ ಹೇಳಬೇಡಿ, ಹೆದರುತ್ತಾಳೆ ಎಂದಿದ್ದೆ. ಹೇಳಬೇಕಿತ್ತು. ಅವತ್ತಿನಿಂದ ನಾನು ಈ ಆಸ್ಪತ್ರೆ ಬಿಟ್ಟು ಹೊರಗೆ ಕಾಲಿಟ್ಟಿಲ್ಲ.

ಹೂಂ ಎಂದು ಬರೆಯಲು ಹೇಳಿದ್ದೀ. ಹೇಗೆ ಬರೆಯಲಿ?

ನನಗಾದದ್ದನ್ನು ಬರೆಯುತ್ತೇನೆ, ನೀನು ಬೇಕಾದ ಹಾಗೆ ಜೋಡಿಸಿಕೋ. ಇಲ್ಲಿ ಇನ್ಸುಲಿನ್ ಸೂಜಿ ಶುರು ಮಾಡಿದರು. ಸೂಜಿ ಚುಚ್ಚಿದ ಮೇಲೆ ಊಟ ಮಾಡಲೇಬೇಕು. ಅದೇ ಐದನೇ ತಾರೀಖು, ಸೋಮವಾರ, ಸೂಜಿ ಹಾಕಿ ಗಂಜಿ ಕೊಟ್ಟರು. ನನಗೆ ಆಸೆಯೇ ಇಲ್ಲವಲ್ಲ. ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಬೆವರಿ ನಡುಕ ಹುಟ್ಟಿತು. ಆಮೇಲೆ ನಡುಕವೂ ನಿಂತಿತು. ಕಿಟಕಿಯ ಬೆಳಕು ಮೇಲೆ ಮೇಲೆ ಹೋಗತೊಡಗಿತು, ನಾನು ಕೆಳಗೆ ಇಳಿಯುತ್ತಿರುವ ಹಾಗೆ. ಸುತ್ತ ತಂಪು ಗೋಡೆ, ದುಂಡಗೆ, ನುಣ್ಣಗೆ. ನಾನು ಕಾಲು ಮಡಿಸಿ ಕೂತಿದ್ದೆ. ಸುಖವಾಗಿತ್ತು.

ಆಗ ಯಾರೋ ಕೆನ್ನೆಯ ಒಳಗೆ ಬೆಲ್ಲ ಇಟ್ಟರು. ಬೆರಳಿನಿಂದ ಬಳಿದು ಇಟ್ಟರು. ಮೊದಲು ಸಿಹಿ, ಹಿಂದೆಯೇ ಉಪ್ಪು.

ಮುಂದಿನದು ನರ್ಸಮ್ಮ ಹೇಳಿದ್ದು. ನಾನು ತಣ್ಣಗಾದದ್ದು ನೋಡಿ ಆಕೆ ಗ್ಲುಕೋಸ್ ತರಲು ಓಡಿದಳಂತೆ. ತಿರುಗಿ ಬಂದರೆ ಒಬ್ಬ ಮುದುಕಿ ನನ್ನ ಮಂಚದ ಮೇಲೆ ಒಂದು ಮೊಣಕಾಲು ಎತ್ತಿ ಕೂತು, ಸೆರಗಿನ ಗಂಟು ಬಿಚ್ಚಿ ನನ್ನ ಬಾಯಿಗೆ ಬೆಲ್ಲ ಇಡುತ್ತಿದ್ದಾಳೆ. "ಯಾರಮ್ಮಾ ನೀನು? ಸಕ್ಕರಿ ರೋಗಿಗೆ ಬೆಲ್ಲ ತಿನಿಸ್ತೀಯಲ್ಲ, ಬುದ್ಧಿ ಐತೇನು?" ಎಂದು ಕೂಗಿದಳಂತೆ. ಮುದುಕಿ, "ನನ್ನ ಕೂಸು ಹಸದೈತವ್ವ" ಎಂದಷ್ಟೇ ಹೇಳಿ ಎದ್ದು ಹೋದಳಂತೆ. ಡಾಕ್ಟರರು ಬಂದವರು, "ಸೂಜಿ ಹಾಕಿ ಉಣದಾವ ಹಿಂಗ ತಣ್ಣಗಾದ್ರ ಬೆಲ್ಲನ ಔಷಧ. ಆ ಮುದುಕಿ ತಡ ಮಾಡಿದ್ರ ನಿಮ್ಮ ಗ್ಲುಕೋಸ್ ಯಾರಿಗೆ ಹಾಕ್ತಿದ್ರಿ?" ಎಂದರಂತೆ. ಪಕ್ಕದ ಮಂಚದವರ ಕಡೆಯವಳಿರಬೇಕು ಎಂದು ಎಲ್ಲರೂ ತಿಳಿದಿದ್ದರು. ಪಕ್ಕದವರು ತಮ್ಮವಳಲ್ಲ ಅಂದರು.

ಆಸ್ಪತ್ರೆಯಲ್ಲಿ ಮುದುಕಿಯರಿಗೇನು ಬರವೇ? ಯಾರೋ ಪುಣ್ಯಾತ್ಮಳು ಎಂದು ಸುಮ್ಮನಿದ್ದೆ, ನಿನ್ನ ಪತ್ರ ಬರುವವರೆಗೆ. ನರ್ಸಮ್ಮ ಇನ್ನೊಂದು ಮಾತು ಹೇಳಿದಳು, ಅದನ್ನು ಬರೆಯಲೋ ಬೇಡವೋ ಎಂದು ಇಡೀ ಬೆಳಿಗ್ಗೆ ಯೋಚಿಸಿದೆ. ಮುದುಕಿ ಹೋದ ಮೇಲೆ ನೆಲ ಒರೆಸಬೇಕಾಯಿತಂತೆ. ಬಾಗಿಲಿನಿಂದ ಮಂಚದವರೆಗೆ ಕಪ್ಪು ರಾಡಿಯ ಹೆಜ್ಜೆ.

ಇರಲಿ. ಒಳ್ಳೆಯ ಸುದ್ದಿ ಕೇಳು. ಮೊನ್ನೆ ಸಂಜೆ ನಾಲ್ಕಕ್ಕೆ ಗೇಟಿನ ಹೊರಗಿನ ಅಂಗಡಿಯಿಂದ ಜಿಲೇಬಿ ವಾಸನೆ ಬಂತು. ಬಾಯಲ್ಲಿ ನೀರು ಬಂತು ಅಕ್ಕ! ಹೊಟ್ಟೆ ಗುರ್ರೆಂದಿತು. ದಿಂಬಿಗೆ ಮುಖ ಒತ್ತಿ ಅತ್ತುಬಿಟ್ಟೆ. ನೋವಾಗ್ತದೇನು ಎಂದು ನರ್ಸಮ್ಮ ಕೇಳಿದಳು. ಆಸೆಯಾಗ್ತದೆ ಎಂದೆ. ಈ ವಯಸ್ಸಿನಲ್ಲಿ ಗಂಡಸು ನರ್ಸಿಗೆ ಹಾಗೆಲ್ಲ ಹೇಳಬಾರದು. ಆಕೆ ಸ್ವಲ್ಪ ದೂರ ನಿಂತಳು. ಜಿಲೇಬಿ ತಿನ್ನಲಿಲ್ಲ. ಒಂದು ಮುಷ್ಟಿ ಪುಠಾಣಿ ತರಿಸಿ ತಿಂದೆ, ಮಜ್ಜಿಗೆ ಕುಡಿದೆ, ಊರುಗೋಲು ಹಿಡಿದು ವರಾಂಡದಲ್ಲಿ ಒಂದು ಸುತ್ತು ಹಾಕಿದೆ. ಬೀಗ ನಿಧಾನವಾಗಿ ಎದ್ದು ಹೋದ. ನಾಳೆ ಮತ್ತೆ ಬರುತ್ತಾನೆ. ಬರಲಿ. ಬರುವವರಿರುವ ಮನೆ ನನ್ನದು.

ಇನ್ನು ಮುಂದೆ ನನ್ನ ಜೇಬಿನಲ್ಲಿ ಸದಾ ಒಂದು ತುಂಡು ಬೆಲ್ಲ ಇರಬೇಕಂತೆ. ಸೂಜಿಯಿಂದ ಮೈ ತಣ್ಣಗಾದರೆ ಮಾತ್ರ ಬಾಯಿಗೆ, ಆಸೆಯಾದರೆ ಇಲ್ಲ. ಕಳ್ಳನ ಕೈಗೆ ಕೀಲಿ ಕೊಟ್ಟು ಕಾವಲಿಗೆ ನಿಲ್ಲಿಸಿದ್ದಾರೆ. ನಿಲ್ಲುತ್ತೇನೆ. ನವಣೆ, ರೊಟ್ಟಿ, ಪಲ್ಯ ಹೊತ್ತಿಗೆ ಸರಿಯಾಗಿ ತಿನ್ನುತ್ತೇನೆ, ದಿನಾ ಅಂಗಾಲು ನೋಡಿಕೊಳ್ಳುತ್ತೇನೆ.

ಮುಂದಿನ ಸುಗ್ಗಿಗೆ ಅವ್ವನ ಉಂಡೆ ಅವ್ವನಿಗೆ ಇಡು, ದೊಡ್ಡದಾಗಿ. ನನ್ನದು ಕಡಲೆಕಾಳಿನಷ್ಟು, ನಿಮ್ಮ ಸಾಲಿನಲ್ಲಿ. ನಾನೇ ಬರುತ್ತೇನೆ, ಬಸ್ಸಿಳಿದು, ಚಪ್ಪಲಿ ಹಾಕಿಕೊಂಡು, ದಾರಿಯ ಕಡೆಯಿಂದ. ಆದರೂ ಬಾಗಿಲಲ್ಲಿ ನಿಲ್ಲಿಸಿ ಮೊದಲು ಒಂದು ನಗೆಮಾತು ಕೇಳು. ನಿನಗೆ ನಗು ಬರದಿದ್ದರೆ ಅದು ನಾನಲ್ಲ.

ನಾನಲ್ಲದಿದ್ದರೂ ಬರಿಗೈಯಲ್ಲಿ ಕಳಿಸಬೇಡ.

ನಿನ್ನ ತಮ್ಮ
ಜಡೆಪ್ಪ